ಎರಡು ಗಳಿಗೆಗಳ ಪರೀಕ್ಷೆ: ಜಾಲತಾಣಕ್ಕೆ ತಕ್ಕ ಸರ್ವರ್ ಅನ್ನು ಆರಿಸುವ ಬಗೆ

ಜಿನೀವಾ ನಗರದ ಬಳಿಯಿರುವ ಸರ್ನ್ ಸಂಶೋಧನಾಲಯದಲ್ಲಿ, 1990ನೆಯ ಇಸವಿಯ ಕೊನೆಯ ವೇಳೆಗೆ, ಟಿಮ್ ಬರ್ನರ್ಸ್-ಲೀ ಅವರು ವರ್ಲ್ಡ್ ವೈಡ್ ವೆಬ್‌ನ ಮೊತ್ತಮೊದಲ ಸರ್ವರ್ ಅನ್ನು ನಡೆಸಿದ್ದು ನೆಕ್ಸ್ಟ್ ಎಂಬ ಹೆಸರಿನ ಕಂಪ್ಯೂಟರೊಂದರ ಮೇಲೆ. ಇದು ಸರ್ವರ್ ಆಗಿರುವುದರಿಂದ ಯಾರೂ ಇದರ ವಿದ್ಯುತ್ತನ್ನು ನಿಲ್ಲಿಸಕೂಡದೆಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿಯೊಂದನ್ನು ಅವರು ಆ ಯಂತ್ರದ ಮೈಗೆ ಅಂಟಿಸಿದ್ದರು. ಒಬ್ಬರ ಮೇಜಿನ ಮೇಲಿನ ಯಂತ್ರವು ಅಪರಿಚಿತರಾದ ಅನೇಕರ ಸೇವೆಗೆ ನಿಂತ ಕ್ಷಣದಿಂದ ಅದರ ಮೇಲೆ ಒಡೆಯನಿಗಿರುವ ಸ್ವಾತಂತ್ರ್ಯ ಕುಗ್ಗಿ, ಆ ಅಪರಿಚಿತರ ಬಗೆಗಿನ ಹೊಣೆ ಬೆಳೆಯುತ್ತದೆಂಬ ತಿಳಿವು ಆ ಚಿಕ್ಕ ಚೀಟಿಯಲ್ಲಿತ್ತು. ಅಂದಿನಿಂದ ಇಂದಿನವರೆಗೆ ಯಂತ್ರಗಳ ಶಕ್ತಿ ಸಹಸ್ರಾರು ಮಡಿ ವರ್ಧಿಸಿದೆಯಾದರೂ ಆ ಹೊಣೆಯ ಸ್ವರೂಪ ಬದಲಾಗಿಲ್ಲ.

ಕನ್ನಡದ ಪತ್ರಿಕೆಗಳೂ ಪ್ರಕಾಶನ ಸಂಸ್ಥೆಗಳೂ ನಿಘಂಟುಗಳ ಸಂಪಾದಕರೂ ಸಹಕಾರ ಸಂಘಗಳೂ ವಿದ್ಯಾಸಂಸ್ಥೆಗಳೂ ತಮ್ಮ ತಮ್ಮ ಜಾಲತಾಣಗಳನ್ನು ನಡೆಸುತ್ತಿರುವ ಈ ಕಾಲದಲ್ಲಿ, ತಾಣ ಬೆಳೆದು ಇತರರೊಡನೆ ಹಂಚಿಕೊಂಡ ಯಂತ್ರ ಸಾಲದಾದಾಗ, ಡೆಡಿಕೇಟೆಡ್ ಸರ್ವರ್ ಒಂದನ್ನು, ಎಂದರೆ ಇಡಿಯಾಗಿ ಒಬ್ಬರಿಗೇ ಮೀಸಲಾದ ಯಂತ್ರವೊಂದನ್ನು, ಬಾಡಿಗೆಗೆ ಹಿಡಿಯುವ ಯೋಚನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಆಗ ಕಣ್ಣೆದುರು ಬಂದು ನಿಲ್ಲುವುದು ಮಾರಾಟಗಾರರ ದರಪಟ್ಟಿ: ಇಷ್ಟು ಕೋರ್, ಇಷ್ಟು ಜಿಬಿ ರ್‍ಯಾಮ್, ಇಷ್ಟು ಟಿಬಿ ಡಿಸ್ಕ್, ತಿಂಗಳಿಗೆ ಇಷ್ಟು ರೂಪಾಯಿ. ಕಡಮೆ ಹಣಕ್ಕೆ ದೊಡ್ಡ ಅಂಕಿ ಎಲ್ಲಿದೆಯೋ ಅತ್ತ ಮನಸ್ಸು ವಾಲುವುದು ಸಹಜವೇ. ಆದರೆ ಈ ಪಟ್ಟಿಯಿಂದ ವಿಚಾರವನ್ನು ಆರಂಭಿಸುವುದು ಕೊನೆಯ ಪ್ರಶ್ನೆಯನ್ನು ಮೊದಲು ಕೇಳಿದಂತಾಗುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು: ನನ್ನ ತಾಣಕ್ಕೆ ಅತ್ಯಂತ ಹೆಚ್ಚು ಜನ ಒಮ್ಮೆಗೇ ಬರುವ ಗಳಿಗೆ ಯಾವುದು? ಈ ಯಂತ್ರ ಸಮೂಲ ನಾಶವಾದ ಗಳಿಗೆಯಲ್ಲಿ ನನ್ನ ಕೈಯಲ್ಲಿ ಉಳಿಯುವುದೇನು? ಉಳಿದ ಎಲ್ಲ ಆಯ್ಕೆಗಳೂ ಈ ಎರಡು ಉತ್ತರಗಳಿಂದ ತಾವಾಗಿ ಹೊರಡುತ್ತವೆ.

ಮೀಸಲು ಯಂತ್ರ ಯಾರಿಗೆ ಬೇಕು

ಶೇರ್ಡ್ ಹೋಸ್ಟಿಂಗ್ ಎಂಬುದು ನಮ್ಮ ಹಳೆಯ ವಠಾರದ ಬಾಳುವೆಯಂತೆ: ಬಾಡಿಗೆ ಅಲ್ಪ, ನಲ್ಲಿಯೂ ಅಂಗಳವೂ ಎಲ್ಲರಿಗೂ ಸೇರಿದ್ದು, ಪಕ್ಕದ ಮನೆಯಲ್ಲಿ ಮದುವೆಯಾದರೆ ಆ ದಿನ ನಮಗೆ ನೀರಿಲ್ಲ. ಒಂದೇ ಯಂತ್ರದ ಮೇಲೆ ನೂರಾರು ತಾಣಗಳು ವಾಸಿಸುವ ಈ ಏರ್ಪಾಟಿನಲ್ಲಿ ನೆರೆಯ ತಾಣದ ದಟ್ಟಣೆ ನಮ್ಮ ತಾಣದ ನಿಧಾನಗತಿಗೆ ಕಾರಣವಾಗುತ್ತದೆ. ವಿಪಿಎಸ್ ಎಂಬ ವ್ಯವಸ್ಥೆಯಲ್ಲಿ ತಂತ್ರಾಂಶದ ಗೋಡೆಗಳನ್ನೆಬ್ಬಿಸಿ ಪ್ರತಿಯೊಬ್ಬರಿಗೂ ರ್‍ಯಾಮ್ ಮತ್ತು ಡಿಸ್ಕ್‌ಗಳ ಗೊತ್ತಾದ ಪಾಲನ್ನು ಕೊಡುತ್ತಾರೆ. ಕ್ಲೌಡ್‌ನಲ್ಲಿ ಆ ಪಾಲನ್ನು ಗಂಟೆಗೊಮ್ಮೆ ಹಿಗ್ಗಿಸುವ, ಕುಗ್ಗಿಸುವ ಅನುಕೂಲವಿದ್ದು, ಆ ಅನುಕೂಲಕ್ಕೆ ತಕ್ಕ ಬೆಲೆಯೂ ಇರುತ್ತದೆ. ಡೆಡಿಕೇಟೆಡ್ ಸರ್ವರ್‌ನಲ್ಲಾದರೋ ಪ್ರೊಸೆಸರ್, ಸ್ಮೃತಿ, ಡಿಸ್ಕ್ ಸಮಸ್ತವೂ ಒಬ್ಬರದೇ.

ಇದು ಎಲ್ಲರಿಗೂ ಬೇಕೆಂದು ಹೇಳುವುದು ಸತ್ಯಕ್ಕೆ ದೂರವಾದ ಮಾತು. ದಿನಕ್ಕೆ 10,000 ಪುಟಗಳು ಓದಲ್ಪಡುವ ತಾಣವನ್ನು ತೆಗೆದುಕೊಳ್ಳೋಣ. ಅದರಲ್ಲಿ ಹತ್ತನೆಯ ಒಂದು ಪಾಲು ದಿನದ ಅತಿ ಬಿಡುವಿಲ್ಲದ ಗಂಟೆಯೊಂದರಲ್ಲಿ ಬಂದರೂ, ಆ ಗಂಟೆಗೆ 1,000 ಪುಟ, ಎಂದರೆ ಮೂರೂವರೆ ಸೆಕೆಂಡಿಗೊಂದು ಕೋರಿಕೆ ಮಾತ್ರ. ಸಾಧಾರಣವಾದ ವಿಪಿಎಸ್ ಇದನ್ನು ನಿರಾಯಾಸವಾಗಿ ನಿರ್ವಹಿಸುತ್ತದೆ. ದಿನಕ್ಕೆ 1 ಲಕ್ಷ ಪುಟಗಳಾದರೂ ಆ ಗಂಟೆಯ ಸರಾಸರಿ ಸೆಕೆಂಡಿಗೆ ಮೂರನ್ನು ಮುಟ್ಟುವುದಿಲ್ಲ. ಮೀಸಲು ಯಂತ್ರದ ಅವಶ್ಯಕತೆ ಉಂಟಾಗುವುದು ಹೊರೆ ದಿನವೂ ಸ್ಥಿರವಾಗಿ ಹೆಚ್ಚಾಗಿರುವಾಗ, ದತ್ತಾಂಶಕೋಶ ಬೃಹತ್ತಾಗಿರುವಾಗ, ಅಥವಾ ಆಕಸ್ಮಿಕವಾದ ದಟ್ಟಣೆ ಸಂಭವಿಸಿದಾಗ ನೆರೆಹೊರೆಯ ತಾಣಗಳ ಹಂಗಿಲ್ಲದೆ ಅದನ್ನು ಎದುರಿಸಬೇಕಾಗಿರುವಾಗ.

ಅಂತಹ ಸ್ಥಿತಿಯಲ್ಲಿ ಮೀಸಲು ಯಂತ್ರ ಎಷ್ಟನ್ನು ಸಾಧಿಸಬಲ್ಲುದೆಂಬುದಕ್ಕೆ ಎರಡು ನಿದರ್ಶನಗಳಿವೆ. ಜಗತ್ತಿನ ತಂತ್ರಜ್ಞರೆಲ್ಲ ಸಂದೇಹ ಪರಿಹಾರಕ್ಕೆ ಮೊರೆಹೋಗುತ್ತಿದ್ದ ಸ್ಟ್ಯಾಕ್ ಓವರ್‌ಫ್ಲೋ ತಾಣ 2016ರಲ್ಲಿ ತಾನೇ ಪ್ರಕಟಿಸಿದ ವಿವರದ ಪ್ರಕಾರ, ದಿನವೊಂದಕ್ಕೆ 20 ಕೋಟಿಗೂ ಮಿಕ್ಕಿದ ಕೋರಿಕೆಗಳನ್ನು ಅದು ಪೂರೈಸುತ್ತಿದ್ದುದು 11 ವೆಬ್ ಸರ್ವರ್‌ಗಳಿಂದ ಮತ್ತು 4 ದತ್ತಾಂಶ ಸರ್ವರ್‌ಗಳಿಂದ. 37ಸಿಗ್ನಲ್ಸ್ ಎಂಬ ಅಮೆರಿಕೆಯ ಸಂಸ್ಥೆ 2022ರಲ್ಲಿ ಕ್ಲೌಡ್ ಸೇವೆಗಾಗಿ ಸುಮಾರು 32 ಲಕ್ಷ ಡಾಲರ್ ತೆತ್ತು, ತನ್ನ ಹೊರೆ ಬಹುಮಟ್ಟಿಗೆ ಸ್ಥಿರವಾದುದೆಂದು ಮನಗಂಡು, ಮರುವರ್ಷ ಸುಮಾರು 7 ಲಕ್ಷ ಡಾಲರ್ ಬೆಲೆಯ ಸರ್ವರ್‌ಗಳನ್ನು ಸ್ವಂತಕ್ಕೆ ಕೊಂಡು ತನ್ನ ತಂತ್ರಾಂಶಗಳನ್ನು ಅವುಗಳ ಮೇಲಕ್ಕೆ ತಂದಿತು. ಈ ಎರಡು ಸಂಸ್ಥೆಗಳೂ ಯಂತ್ರದ ಆಯ್ಕೆಗೆ ಮುನ್ನ ತಮ್ಮ ಹೊರೆಯನ್ನು ಅಳೆದು ತಿಳಿದಿದ್ದವು. ಅವುಗಳ ಯಶಸ್ಸಿನ ಮೂಲ ಆ ಅಳತೆಯಲ್ಲಿದೆ.

ದಟ್ಟಣೆಯ ಗಳಿಗೆ

ನಮ್ಮ ನಾಡಿನಲ್ಲಿ ದಟ್ಟಣೆಯ ಗಳಿಗೆಯೆಂದರೆ ಏನೆಂಬುದನ್ನು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಕಂಡಷ್ಟು ಸ್ಪಷ್ಟವಾಗಿ ಇನ್ನಾವಾಗಲೂ ಕಾಣಲಾರೆವು. ಪ್ರತಿವರ್ಷ ಸುಮಾರು 8 ಲಕ್ಷ ಮಕ್ಕಳು ಪರೀಕ್ಷೆಗೆ ಕೂರುತ್ತಾರೆ. ಫಲಿತಾಂಶ ಪ್ರಕಟವಾಗುವ ಹೊತ್ತು ಮೊದಲೇ ಗೊತ್ತಾಗಿರುತ್ತದೆ. ಬೀದರಿನಿಂದ ಚಾಮರಾಜನಗರದವರೆಗೆ ಮನೆಮನೆಯಲ್ಲಿಯೂ ಆ ನಿಮಿಷಕ್ಕಾಗಿ ಫೋನ್ ಹಿಡಿದು ಕಾದಿರುತ್ತಾರೆ. ಇವರಲ್ಲಿ ಅರ್ಧದಷ್ಟು ಮಂದಿ ಮೊದಲ ಹತ್ತು ನಿಮಿಷದಲ್ಲಿಯೇ ಒಂದೇ ಯಂತ್ರದ ಬಾಗಿಲಿಗೆ ಬಂದರೆಂದು ಇಟ್ಟುಕೊಳ್ಳೋಣ. 600 ಸೆಕೆಂಡಿಗೆ 4 ಲಕ್ಷ ಕೋರಿಕೆಗಳು, ಎಂದರೆ ಸೆಕೆಂಡಿಗೆ ಸುಮಾರು 667.

ಯಂತ್ರದೊಳಗೆ ಏಕಕಾಲದಲ್ಲಿ ಎಷ್ಟು ಕೋರಿಕೆಗಳು ನಿಂತಿರುತ್ತವೆ ಎಂಬುದನ್ನು ಕಂಡುಹಿಡಿಯಲು ಜಾನ್ ಲಿಟ್ಲ್ ಎಂಬ ಅಮೆರಿಕೆಯ ವಿದ್ವಾಂಸರು 1961ರಲ್ಲಿ ಸಾಧಿಸಿ ತೋರಿಸಿದ ಸರಳ ಸೂತ್ರವೊಂದಿದೆ: ಸೆಕೆಂಡಿಗೆ ಬರುವ ಕೋರಿಕೆಗಳ ಸಂಖ್ಯೆಯನ್ನು ಒಂದೊಂದು ಕೋರಿಕೆ ಒಳಗಿರುವ ಕಾಲದಿಂದ ಗುಣಿಸಬೇಕು. ಒಂದು ಪುಟವನ್ನು ಸಿದ್ಧಪಡಿಸಲು ಅರ್ಧ ಸೆಕೆಂಡು ಸಾಕಾದರೆ ಒಳಗಿರುವವು ಸುಮಾರು 333. ಒಂದೊಂದಕ್ಕೆ 50 ಎಂಬಿ ರ್‍ಯಾಮ್ ಬೇಕಾದರೂ 17 ಜಿಬಿಯಲ್ಲಿ ಕೆಲಸ ಮುಗಿಯುತ್ತದೆ. ದತ್ತಾಂಶಕೋಶ ತಡಮಾಡಿ ಪುಟಕ್ಕೆ ಮೂರು ಸೆಕೆಂಡು ಹಿಡಿದರೋ, ಒಳಗಿರುವವು 2,000ಕ್ಕೆ ಏರಿ, ಅವಕ್ಕೆ 100 ಜಿಬಿ ಬೇಕಾಗುತ್ತದೆ. ಅಷ್ಟು ರ್‍ಯಾಮ್ ಇಲ್ಲದಾಗ ಯಂತ್ರ ಡಿಸ್ಕನ್ನೇ ಸ್ಮೃತಿಯಾಗಿ ಬಳಸತೊಡಗಿ ಇನ್ನಷ್ಟು ನಿಧಾನವಾಗುತ್ತದೆ. ನಿಧಾನವಾದಂತೆ ಒಳಗೆ ನಿಲ್ಲುವ ಕೋರಿಕೆಗಳು ಹೆಚ್ಚುತ್ತವೆ. ಬೇಸತ್ತ ಜನ ಪುಟವನ್ನು ಮತ್ತೆ ಮತ್ತೆ ಕರೆಯುತ್ತಾರೆ. ಹೀಗೆ ತಡವು ತಡವನ್ನೇ ಹೆತ್ತು, ಯಂತ್ರ ಕೆಲವೇ ನಿಮಿಷಗಳಲ್ಲಿ ಸ್ತಬ್ಧವಾಗುತ್ತದೆ.

ಕೋಪನ್‌ಹೇಗನ್ನಿನ ಟೆಲಿಫೋನ್ ಸಂಸ್ಥೆಯಲ್ಲಿದ್ದ ಗಣಿತಜ್ಞ ಎರ್ಲಾಂಗ್ ಅವರು 1909ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಹುಟ್ಟಿದ ಸರದಿಗಳ ಗಣಿತ ನಮಗೆ ಇನ್ನೊಂದು ಪಾಠವನ್ನೂ ಹೇಳುತ್ತದೆ. ಅದರ ಅತ್ಯಂತ ಸರಳವಾದ ಮಾದರಿಯ ಪ್ರಕಾರ, ಯಂತ್ರ ತನ್ನ ಶಕ್ತಿಯ ಅರ್ಧದಷ್ಟು ದುಡಿಯುತ್ತಿರುವಾಗ ಕೋರಿಕೆಯೊಂದಕ್ಕೆ ತಗಲುವ ಕಾಲ ಎರಡರಷ್ಟಾಗುತ್ತದೆ; ಶೇಕಡಾ 90 ದುಡಿಯುವಾಗ ಹತ್ತರಷ್ಟು; ಶೇಕಡಾ 99 ದುಡಿಯುವಾಗ ನೂರರಷ್ಟು. ಆದುದರಿಂದ ಅತಿ ದಟ್ಟಣೆಯ ಗಳಿಗೆಯಲ್ಲಿಯೂ ಶಕ್ತಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ವ್ಯಯವಾಗುವಂತೆ ಯಂತ್ರವನ್ನು ಆರಿಸತಕ್ಕದ್ದು. ಉಳಿದರ್ಧ ವ್ಯರ್ಥವಾಗಿ ಬಿದ್ದಿದೆಯೆಂದು ಭಾವಿಸಬಾರದು. ಓದುಗನಿಗೆ ಪುಟ ಬೇಗ ತೆರೆಯುವುದು ಆ ಬಿಡುವಿನಿಂದಲೇ.

ಇದರೊಡನೆ ನೆನಪಿಡಬೇಕಾದುದು, ಬದಲಾಗದ ಪುಟವನ್ನು ಪ್ರತಿ ಓದುಗನಿಗೂ ಹೊಸದಾಗಿ ಕಟ್ಟಿಕೊಡಬೇಕಾದ ಅಗತ್ಯವಿಲ್ಲವೆಂಬುದು. ಒಮ್ಮೆ ಸಿದ್ಧಪಡಿಸಿದ ಪುಟವನ್ನು ಕ್ಯಾಶ್‌ನಲ್ಲಿಟ್ಟು ಹಾಗೆಯೇ ಕೊಡುವುದಾದರೆ, ಇಗೊರ್ ಸಿಸೊಯೆವ್ ಅವರು 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್‌ನಂತಹ ತಂತ್ರಾಂಶ ಸಾಧಾರಣ ಯಂತ್ರದ ಮೇಲೆಯೂ ಸೆಕೆಂಡಿಗೆ ಸಾವಿರಾರು ಪುಟಗಳನ್ನು ಬಡಿಸಬಲ್ಲುದು. ದೊಡ್ಡ ಯಂತ್ರಕ್ಕೆ ಹಣ ತೆರುವ ಮೊದಲು ಈ ವ್ಯವಸ್ಥೆಯನ್ನು ಮಾಡಿಕೊಂಡು ನೋಡುವುದು ವಿವೇಕ.

ಪ್ರೊಸೆಸರ್, ಸ್ಮೃತಿ, ಡಿಸ್ಕ್

ಹೊರೆಯ ಅಂದಾಜು ದೊರೆತ ಮೇಲೆ ದರಪಟ್ಟಿಯನ್ನು ಕೈಗೆತ್ತಿಕೊಳ್ಳಬಹುದು. ಪ್ರೊಸೆಸರಿನ ವಿಷಯದಲ್ಲಿ ಕೋರ್‌ಗಳ ಸಂಖ್ಯೆಯೊಂದನ್ನೇ ನೋಡಿ ಮೋಸಹೋಗುವವರು ಬಹಳ. ವರ್ಡ್‌ಪ್ರೆಸ್‌ನಂತಹ ತಂತ್ರಾಂಶದಲ್ಲಿ ಒಂದು ಪುಟವನ್ನು ಕಟ್ಟುವ ಕೆಲಸ ಆದಿಯಿಂದ ಅಂತ್ಯದವರೆಗೆ ಬಹುತೇಕ ಒಂದೇ ಕೋರಿನ ಮೇಲೆ ನಡೆಯುತ್ತದೆ. ಆದುದರಿಂದ ಒಬ್ಬ ಓದುಗ ಎಷ್ಟು ಹೊತ್ತು ಕಾಯುತ್ತಾನೆಂಬುದನ್ನು ನಿರ್ಧರಿಸುವುದು ಒಂದು ಕೋರಿನ ವೇಗ, ಎಷ್ಟು ಮಂದಿಗೆ ಒಮ್ಮೆಗೇ ಸೇವೆ ದೊರೆಯುತ್ತದೆಂಬುದನ್ನು ನಿರ್ಧರಿಸುವುದು ಕೋರ್‌ಗಳ ಸಂಖ್ಯೆ. ದಶಕದ ಹಿಂದಿನ ಜಿಯಾನ್ ಪ್ರೊಸೆಸರ್‌ಗಳು ಹೆಚ್ಚು ಕೋರ್‌ಗಳ ಹೆಸರಿನಲ್ಲಿ ಅಗ್ಗವಾಗಿ ದೊರೆಯುತ್ತವೆ. ಅವುಗಳ ಒಂದೊಂದು ಕೋರೂ ಇಂದಿನ ಎಪಿಕ್ ಅಥವಾ ಹೊಸ ಜಿಯಾನ್‌ಗಳ ಕೋರಿಗೆ ಸರಿದೂಗಲಾರದು. ಪ್ರೊಸೆಸರಿನ ಮಾದರಿ ಸಂಖ್ಯೆಯನ್ನೂ ಅದು ಮಾರುಕಟ್ಟೆಗೆ ಬಂದ ವರ್ಷವನ್ನೂ ಕೇಳಿ ತಿಳಿಯದೆ ಒಪ್ಪಬಾರದು.

ರ್‍ಯಾಮ್ ಎಷ್ಟಿರಬೇಕೆಂಬುದಕ್ಕೆ ಮೇಲಿನ ಲೆಕ್ಕವೇ ಆಧಾರ. ಅದಕ್ಕೆ ಕೂಡಿಸಬೇಕಾದ ಮಾತೆಂದರೆ ದತ್ತಾಂಶಕೋಶದಲ್ಲಿ ನಿತ್ಯವೂ ಬಳಕೆಯಾಗುವ ಭಾಗವೆಲ್ಲ ರ್‍ಯಾಮ್‌ನಲ್ಲಿಯೇ ಹಿಡಿಸುವಂತಿರಬೇಕೆಂಬುದು. ಸ್ಮೃತಿಯ ಪ್ರಮಾಣದಷ್ಟೇ ಅದರ ಪ್ರಾಮಾಣ್ಯವೂ ಮುಖ್ಯ. ರಿಚರ್ಡ್ ಹ್ಯಾಮಿಂಗ್ ಅವರು ಬೆಲ್ ಪ್ರಯೋಗಾಲಯದಲ್ಲಿದ್ದಾಗ 1950ರಲ್ಲಿ ಪ್ರಕಟಿಸಿದ ದೋಷಪರಿಹಾರ ಸಂಕೇತದ ತತ್ತ್ವದ ಮೇಲೆ ರಚಿತವಾದ ಇಸಿಸಿ ಸ್ಮೃತಿ, ತನ್ನಲ್ಲಿ ಒಂದು ಬಿಟ್ ತಾನಾಗಿ ಬದಲಾದರೆ ಅದನ್ನು ಗುರುತಿಸಿ ತಿದ್ದಿಕೊಳ್ಳುತ್ತದೆ. ಗೂಗಲ್ ಸಂಸ್ಥೆಯ ಸರ್ವರ್‌ಗಳನ್ನು ಕುರಿತು 2009ರಲ್ಲಿ ಹೊರಬಂದ ಅಧ್ಯಯನವೊಂದು, ವರ್ಷವೊಂದರಲ್ಲಿ ಶೇಕಡಾ 8ಕ್ಕೂ ಹೆಚ್ಚು ಸ್ಮೃತಿ ಫಲಕಗಳಲ್ಲಿ ಇಂತಹ ದೋಷಗಳು ಕಂಡುಬಂದುವೆಂದು ತಿಳಿಸಿತು. ಸದ್ದಿಲ್ಲದೆ ಕೆಟ್ಟುಹೋದ ದತ್ತಾಂಶ ಬ್ಯಾಕಪ್‌ನೊಳಗೂ ಕೆಟ್ಟ ರೂಪದಲ್ಲಿಯೇ ಸೇರಿಕೊಳ್ಳುವುದರಿಂದ, ಇಸಿಸಿ ಇಲ್ಲದ ಯಂತ್ರವನ್ನು ಸರ್ವಥಾ ಆರಿಸತಕ್ಕದ್ದಲ್ಲ.

ಡಿಸ್ಕಿನ ವಿಷಯ ಇನ್ನೂ ಸುಲಭ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಅರ್ಧ ಸುತ್ತಿಗೆ 4 ಮಿಲಿಸೆಕೆಂಡಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಅದರ ತಲೆ ಅತ್ತಿತ್ತ ಸರಿಯುವ ಕಾಲವನ್ನೂ ಕೂಡಿಸಿದರೆ, ಚದರಿದ ದತ್ತಾಂಶವನ್ನು ಸೆಕೆಂಡಿಗೆ ನೂರು ಬಾರಿ ಓದುವುದೂ ಅದಕ್ಕೆ ಕಷ್ಟ. ಚಲಿಸುವ ಅಂಗಗಳಿಲ್ಲದ ಎನ್‌ವಿಎಂಇ ಎಸ್‌ಎಸ್‌ಡಿ ಅದೇ ಕೆಲಸವನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ಮಾಡುತ್ತದೆ. ದತ್ತಾಂಶಕೋಶಕ್ಕೆ ಎಸ್‌ಎಸ್‌ಡಿ, ಹಳೆಯ ಚಿತ್ರಗಳಿಗೂ ಧ್ವನಿಮುದ್ರಣಗಳಿಗೂ ಬೇಕಾದರೆ ಹಾರ್ಡ್ ಡಿಸ್ಕ್, ಇದೇ ಯೋಗ್ಯವಾದ ವಿಭಜನೆ.

ದೂರ ಮತ್ತು ದಾರಿ

ಯಂತ್ರ ಯಾವುದೆಂಬಷ್ಟೇ ಮುಖ್ಯ ಅದು ಎಲ್ಲಿದೆಯೆಂಬುದು. ಗಾಜಿನ ತಂತುವಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಸಾಗುತ್ತದೆ. ಎಷ್ಟು ಹಣ ಸುರಿದರೂ ಈ ಮಿತಿಯನ್ನು ಮೀರುವಂತಿಲ್ಲ. ಬೆಂಗಳೂರಿನಿಂದ ಅಮೆರಿಕೆಯ ವರ್ಜೀನಿಯಾಕ್ಕೆ 13,000 ಕಿಲೋಮೀಟರಿಗೂ ಹೆಚ್ಚಿನ ದೂರ; ಹೋಗಿಬರಲು ಕನಿಷ್ಠ 130 ಮಿಲಿಸೆಕೆಂಡು ಬೇಕು, ಕೇಬಲ್‌ಗಳು ನೇರವಾಗಿ ಹಾಯದಿರುವುದರಿಂದ ವಾಸ್ತವದಲ್ಲಿ ಅದು 200ನ್ನು ದಾಟುತ್ತದೆ. ಸುರಕ್ಷಿತವಾದ ಪುಟವೊಂದರ ಮೊದಲ ಅಕ್ಷರ ಬರುವ ಮುನ್ನ ಸಂಪರ್ಕ ಏರ್ಪಡಲು ಒಂದು, ಗೂಢಲಿಪಿಯ ಒಪ್ಪಂದಕ್ಕೆ ಒಂದು, ಪುಟವನ್ನು ಕೇಳಿ ಪಡೆಯಲು ಒಂದು, ಹೀಗೆ ಸಾಮಾನ್ಯವಾಗಿ ಮೂರು ಸಲವಾದರೂ ಹೋಗಿಬರಬೇಕಾಗುತ್ತದೆ. ಅರ್ಧ ಸೆಕೆಂಡಿಗಿಂತ ಹೆಚ್ಚಿನ ಕಾಲ ದಾರಿಯಲ್ಲಿಯೇ ಕಳೆಯಿತು. ಓದುಗರು ಬಹುಪಾಲು ಕರ್ನಾಟಕದವರಾಗಿದ್ದರೆ ಬೆಂಗಳೂರು, ಚೆನ್ನೈ ಅಥವಾ ಮುಂಬಯಿಯ ಡೇಟಾ ಸೆಂಟರಿನಲ್ಲಿರುವ ಯಂತ್ರವೇ ಯುಕ್ತ. ಕೊಲ್ಲಿ ರಾಷ್ಟ್ರಗಳಲ್ಲಿಯೂ ಅಮೆರಿಕೆಯಲ್ಲಿಯೂ ಇರುವ ಕನ್ನಡಿಗರಿಗಾಗಿ ಚಿತ್ರಗಳನ್ನೂ ಸ್ಥಿರಪುಟಗಳನ್ನೂ ಸಿಡಿಎನ್ ಮೂಲಕ, ಎಂದರೆ ಓದುಗರಿಗೆ ಹತ್ತಿರದ ಸರ್ವರ್‌ಗಳಲ್ಲಿ ಪ್ರತಿಗಳನ್ನಿಡುವ ಜಾಲದ ಮೂಲಕ, ಹಂಚಬಹುದು.

ಸಮೀಪದ ಯಂತ್ರದಿಂದ ಇನ್ನೊಂದು ರಕ್ಷೆಯೂ ಉಂಟು. ಅಲೆಕ್ಸಾಂಡ್ರಿಯದ ಬಳಿ ಸಮುದ್ರದಡಿಯ ಕೇಬಲ್‌ಗಳು 2008ರ ಜನವರಿ 30ರಂದು ತುಂಡಾದಾಗ ಭಾರತದಿಂದ ಪಶ್ಚಿಮಕ್ಕೆ ಹೋಗುವ ಅಂತರ್ಜಾಲ ಸಂಚಾರ ಬಹುಮಟ್ಟಿಗೆ ಕುಂಠಿತವಾಯಿತು. ದೇಶದೊಳಗಿನ ಸಂಚಾರ ದೇಶದೊಳಗೇ ವಿನಿಮಯವಾಗಲೆಂದು 2003ರಲ್ಲಿ ಸ್ಥಾಪಿತವಾದ ನಿಕ್ಸಿ ಸಂಸ್ಥೆಯ ವಿನಿಮಯ ಕೇಂದ್ರಗಳಿಗೆ ಡೇಟಾ ಸೆಂಟರ್ ಹೇಗೆ ಜೋಡಣೆಯಾಗಿದೆ, ಎಷ್ಟು ಬೇರೆ ಬೇರೆ ದೂರಸಂಪರ್ಕ ಕಂಪನಿಗಳ ತಂತುಗಳು ಅದರೊಳಕ್ಕೆ ಬರುತ್ತವೆ ಎಂಬುದನ್ನು ವಿಚಾರಿಸಬೇಕಾದುದು ಇದಕ್ಕಾಗಿ.

ಬ್ಯಾಂಡ್‌ವಿಡ್ತ್ ವಿಷಯದಲ್ಲಿ ತಿಂಗಳ ಒಟ್ಟು ಪ್ರಮಾಣ ಬೇರೆ, ಒಂದು ಕ್ಷಣದ ಸಾಮರ್ಥ್ಯ ಬೇರೆ. 1 ಜಿಬಿಪಿಎಸ್ ಪೋರ್ಟ್ ಬಿಡುವಿಲ್ಲದೆ ದುಡಿದರೆ 30 ದಿನಗಳಲ್ಲಿ 324 ಟಿಬಿ ಸಾಗಿಸಬಲ್ಲುದು. ಅಷ್ಟು ಬೇಕಾಗುವ ಕನ್ನಡ ತಾಣಗಳು ವಿರಳ. ಅದೇ ಪೋರ್ಟ್ ಒಂದು ಸೆಕೆಂಡಿಗೆ ಸಾಗಿಸುವುದು 125 ಎಂಬಿ ಮಾತ್ರ: ಪುಟ 2 ಎಂಬಿ ತೂಗಿದರೆ ಸೆಕೆಂಡಿಗೆ ಕೇವಲ 62 ಪುಟ, 50 ಕೆಬಿ ತೂಗಿದರೆ 2,500 ಪುಟ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ 3 ಬೈಟು ಹಿಡಿಯುವುದರಿಂದ ‘ಕ್ಷ’ ಎಂಬ ಒಂದು ಸಂಯುಕ್ತಾಕ್ಷರಕ್ಕೆ 9 ಬೈಟು ಬೇಕು; ಸಂಕುಚನವನ್ನು ಅಳವಡಿಸಿದರೆ ಈ ಭಾರ ಬಹಳವಾಗಿ ಇಳಿಯುತ್ತದೆ. ನಿಜವಾದ ಭಾರ ಅಕ್ಷರಗಳದಲ್ಲ, ಕುಗ್ಗಿಸದೆ ಏರಿಸಿದ ಚಿತ್ರಗಳದು ಮತ್ತು ಜಾಹೀರಾತಿನ ಸ್ಕ್ರಿಪ್ಟ್‌ಗಳದು. ಪುಟವನ್ನು ಹಗುರಗೊಳಿಸುವುದಕ್ಕಿಂತ ಅಗ್ಗವಾದ ಬ್ಯಾಂಡ್‌ವಿಡ್ತ್ ಯಾವ ಮಾರಾಟಗಾರನಲ್ಲಿಯೂ ದೊರೆಯಲಾರದು.

ವಿಪತ್ತಿನ ಗಳಿಗೆ

ಎರಡನೆಯ ಪ್ರಶ್ನೆಯನ್ನು ಜನ ಮುಂದೂಡುತ್ತಾರೆ. ಏಕೆಂದರೆ ಯಂತ್ರ ಸುಸ್ಥಿತಿಯಲ್ಲಿರುವಾಗ ಅದರ ಮರಣವನ್ನು ನೆನೆಯುವುದು ಯಾರಿಗೂ ಪ್ರಿಯವಲ್ಲ. ಬರ್ಕ್ಲಿ ವಿಶ್ವವಿದ್ಯಾನಿಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಎಂಬ ಮೂವರು 1988ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಪ್ರಸಿದ್ಧವಾದ ರೇಡ್ ಪದ್ಧತಿಗಳಲ್ಲಿ ರೇಡ್ 1 ಎಂಬುದನ್ನು ಅನುಸರಿಸಿದರೆ ಒಂದೇ ದತ್ತಾಂಶ ಎರಡು ಡಿಸ್ಕ್‌ಗಳ ಮೇಲೆ ಬರೆಯಲ್ಪಟ್ಟು, ಒಂದು ಸತ್ತರೂ ಇನ್ನೊಂದರಿಂದ ತಾಣ ನಡೆಯುತ್ತದೆ. ಇದು ಅವಶ್ಯಕ, ಆದರೆ ಇದು ಬ್ಯಾಕಪ್ ಅಲ್ಲ. ಯಾರೋ ತಪ್ಪಿ ಒಂದು ಕೋಷ್ಟಕವನ್ನು ಅಳಿಸಿದರೆ, ಅಥವಾ ದುಷ್ಟರು ಒಳನುಗ್ಗಿ ಕಡತಗಳನ್ನು ಕೆಡಿಸಿದರೆ, ಆ ಅಳಿವು ಎರಡು ಡಿಸ್ಕ್‌ಗಳ ಮೇಲೆಯೂ ಅದೇ ಕ್ಷಣದಲ್ಲಿ ನಡೆದುಹೋಗುತ್ತದೆ.

ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ 2021ರ ಮಾರ್ಚ್ 10ರ ನಡುರಾತ್ರಿ ಕಳೆದ ಮೇಲೆ ಓವಿಎಚ್ ಸಂಸ್ಥೆಯ ಡೇಟಾ ಸೆಂಟರಿಗೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ಣವಾಗಿಯೂ ಇನ್ನೊಂದು ಭಾಗಶಃವೂ ನಾಶವಾದವು. ಸುಮಾರು 36 ಲಕ್ಷ ಜಾಲತಾಣಗಳು ಸ್ಥಗಿತಗೊಂಡುವೆಂದು ನೆಟ್‌ಕ್ರಾಫ್ಟ್ ಸಂಸ್ಥೆ ಅಂದಾಜು ಮಾಡಿತು. ಬ್ಯಾಕಪ್ ಅನ್ನು ಬೇರೆ ಊರಿನಲ್ಲಿಟ್ಟವರು ಮತ್ತೆ ಎದ್ದು ನಿಂತರು. ಅದೇ ಆವರಣದಲ್ಲಿಟ್ಟವರಲ್ಲಿ ಅನೇಕರು ಯಂತ್ರವನ್ನೂ ಪ್ರತಿಯನ್ನೂ ಒಂದೇ ಜ್ವಾಲೆಗೆ ಒಪ್ಪಿಸಿದರು. ಆದುದರಿಂದ ಬ್ಯಾಕಪ್ ಸೇವೆ ಉಂಟೇ ಎಂದು ಕೇಳಿದರೆ ಸಾಲದು. ಅದು ಯಾವ ಊರಿನ ಯಾವ ಕಟ್ಟಡದಲ್ಲಿದೆ ಎಂದು ಕೇಳಿ, ಉತ್ತರವನ್ನು ಬರೆಹದಲ್ಲಿ ಪಡೆಯಬೇಕು.

ಕರಾರುಪತ್ರದಲ್ಲಿ ಶೇಕಡಾ 99.9 ಅಪ್‌ಟೈಮ್ ಎಂದು ಬರೆದಿರುವುದನ್ನು ಸರಿಯಾಗಿ ಓದಿಕೊಂಡರೆ ವರ್ಷಕ್ಕೆ 8 ಗಂಟೆ 45 ನಿಮಿಷ ತಾಣ ನಿಂತರೂ ಮಾತು ತಪ್ಪಿದಂತಾಗುವುದಿಲ್ಲ, 99.99 ಎಂದರೆ ಸುಮಾರು 53 ನಿಮಿಷ. ಮಾತು ತಪ್ಪಿದಾಗಲೂ ಸಾಮಾನ್ಯವಾಗಿ ಹಿಂದಕ್ಕೆ ಬರುವುದು ಬಾಡಿಗೆಯ ಒಂದು ಪಾಲು ಮಾತ್ರ, ಕಳೆದುಹೋದ ಓದುಗರಲ್ಲ. ಯಂತ್ರವನ್ನು ನೋಡಿಕೊಳ್ಳುವ ಕೈ ಯಾರದೆಂಬುದೂ ಇಲ್ಲಿಯೇ ಇತ್ಯರ್ಥವಾಗಬೇಕು. ಅನ್‌ಮ್ಯಾನೇಜ್ಡ್ ಎಂದು ಮಾರುವ ಸರ್ವರ್‌ನಲ್ಲಿ ಕಾರ್ಯಾಚರಣ ವ್ಯವಸ್ಥೆಯ ಪರಿಷ್ಕರಣ, ಫೈರ್‌ವಾಲ್, ಪಾಸ್‌ವರ್ಡ್‌ಗಳ ರಕ್ಷಣೆ ಸಮಸ್ತವೂ ಬಾಡಿಗೆದಾರನ ಪಾಲಿಗೆ ಬಿದ್ದದ್ದು. ಲಿನಕ್ಸ್ ಬಲ್ಲ ಸಿಬ್ಬಂದಿ ತಮ್ಮಲ್ಲಿಲ್ಲದವರು ಹೆಚ್ಚು ಹಣ ತೆತ್ತು ಮ್ಯಾನೇಜ್ಡ್ ಸೇವೆಯನ್ನೇ ಪಡೆಯುವುದು ಲೇಸು. 2024ರ ಜೂನ್ 30ರಂದು ಬೆಂಬಲ ಮುಗಿದ ಸೆಂಟ್‌ಓಎಸ್ 7ರಂತಹ ವ್ಯವಸ್ಥೆಯನ್ನು ಇಂದಿಗೂ ಕೊಡಲು ಬರುವವನಿಂದ ಯಂತ್ರವನ್ನು ಪಡೆಯಬಾರದು. ಸೈಬರ್ ಸುರಕ್ಷತೆಯನ್ನು ನೋಡಿಕೊಳ್ಳುವ ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಮೇರೆಗೆ ಸೈಬರ್ ಆಘಾತವನ್ನು 6 ಗಂಟೆಗಳೊಳಗೆ ವರದಿ ಮಾಡಬೇಕಾಗಿರುವುದರಿಂದಲೂ, ಲಾಗ್‌ಗಳನ್ನು 180 ದಿನ ಕಾಪಾಡಬೇಕಾಗಿರುವುದರಿಂದಲೂ, ಆ ಕೆಲಸ ಯಾರ ಪಾಲಿನದೆಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಕರಾರಿಗೆ ಸಹಿ ಹಾಕುವ ಮುನ್ನ

ಇಷ್ಟನ್ನು ವಿಚಾರಿಸಿದ ಮೇಲೆ, ದಿನಕ್ಕೆ ಕೆಲವು ಲಕ್ಷ ಪುಟಗಳು ಓದಲ್ಪಡುವ ಮಧ್ಯಮ ಗಾತ್ರದ ಕನ್ನಡ ತಾಣವೊಂದಕ್ಕೆ ಇತ್ತೀಚಿನ ಪೀಳಿಗೆಯ 8 ಕೋರ್‌ಗಳ ಪ್ರೊಸೆಸರ್, 64 ಜಿಬಿ ಇಸಿಸಿ ರ್‍ಯಾಮ್, ರೇಡ್ 1 ಪದ್ಧತಿಯಲ್ಲಿ ಜೋಡಿಸಿದ ಎರಡು ಎನ್‌ವಿಎಂಇ ಡಿಸ್ಕ್‌ಗಳು, 1 ಜಿಬಿಪಿಎಸ್ ಪೋರ್ಟ್, ದೂರದಿಂದಲೇ ಯಂತ್ರವನ್ನು ಮರಳಿ ಆರಂಭಿಸಲು ಐಪಿಎಂಐ ಸೌಕರ್ಯ, ಬೇರೊಂದು ಊರಿನಲ್ಲಿ ನಿತ್ಯದ ಬ್ಯಾಕಪ್, ಇಷ್ಟು ಧಾರಾಳವಾಗಿ ಸಾಕೆಂದು ಧೈರ್ಯವಾಗಿ ಹೇಳಬಹುದು. ರಿಯಾಯತಿಯ ಆಸೆಗೆ ಒಮ್ಮೆಗೇ ವರ್ಷದ ಕರಾರನ್ನು ಮಾಡಿಕೊಳ್ಳದೆ ಮೊದಲು ಒಂದು ತಿಂಗಳಿಗೆ ಹಿಡಿದು, ಆ ತಿಂಗಳಲ್ಲಿ ಕೃತಕವಾದ ಹೊರೆಯನ್ನು ಹೇರಿ ಪರೀಕ್ಷಿಸುವುದು, ರಾತ್ರಿ ಎರಡು ಗಂಟೆಗೆ ಸಹಾಯ ಕೋರಿ ಬರುವ ಉತ್ತರ ಎಂತಹುದೆಂದು ನೋಡುವುದು, ಬ್ಯಾಕಪ್‌ನಿಂದ ತಾಣವನ್ನು ಬರಿದಾದ ಇನ್ನೊಂದು ಯಂತ್ರದ ಮೇಲೆ ನಿಜವಾಗಿಯೂ ಮರಳಿ ಎಬ್ಬಿಸಿ ಅದಕ್ಕೆಷ್ಟು ಹೊತ್ತಾಯಿತೆಂದು ಗುರುತಿಟ್ಟುಕೊಳ್ಳುವುದು, ಈ ಮೂರನ್ನೂ ಮಾಡತಕ್ಕದ್ದು.

ಹಣ ಸಾಲದಿದ್ದಾಗ ಏನನ್ನು ಬಿಡಬೇಕೆಂಬ ಪ್ರಶ್ನೆ ಉಳಿಯುತ್ತದೆ. ಕನ್ನಡದ ಕೆಲಸಗಳಲ್ಲಿ ಹಣ ಸಾಲದಿರುವುದೇ ಹೆಚ್ಚು. ಮೊದಲು ಕೋರ್‌ಗಳ ಸಂಖ್ಯೆಯನ್ನು ಇಳಿಸಬಹುದು. ಕ್ಯಾಶ್ ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಅನಂತರ ಬ್ಯಾಂಡ್‌ವಿಡ್ತ್, ಚಿತ್ರಗಳನ್ನು ಕುಗ್ಗಿಸಿದರೆ ಅದರಿಂದ ನಷ್ಟವಿಲ್ಲ. ಆಮೇಲೆ ಬೇಕಾದರೆ ರ್‍ಯಾಮ್‌ನ ಪ್ರಮಾಣವನ್ನು 64ರಿಂದ 32ಕ್ಕೆ ತರಬಹುದು. ಆದರೆ ಇಸಿಸಿ, ಎರಡನೆಯ ಡಿಸ್ಕ್, ದೂರದ ಊರಿನ ಬ್ಯಾಕಪ್, ಈ ಮೂರರ ಮೇಲೆ ಮಾತ್ರ ಕೈಯಿಡಬಾರದು. ನಿಧಾನವಾದ ತಾಣವನ್ನು ಮುಂದಿನ ವರ್ಷ ಹಣ ಬಂದಾಗ ವೇಗಗೊಳಿಸಿಕೊಳ್ಳಬಹುದು. ಇಪ್ಪತ್ತು ವರ್ಷಗಳ ಬರೆಹವೂ ಓದುಗರ ಪತ್ರಗಳೂ ಬೆರಳಚ್ಚಾಗಿ ಸೇರಿದ್ದ ಹಳೆಯ ಸಂಚಿಕೆಗಳೂ ಒಮ್ಮೆ ಅಳಿದುಹೋದರೆ, ಅನಂತರ ಎಷ್ಟು ಬಲಿಷ್ಠವಾದ ಯಂತ್ರವನ್ನು ತಂದು ನಿಲ್ಲಿಸಿದರೂ ಅದಕ್ಕೆ ಬಡಿಸಲು ಏನೂ ಇರುವುದಿಲ್ಲ.